ಪರದೆಯ ಹಿಂದಿನ ಸಮುದ್ರ

ನಮ್ಮ ಮನೆಯಲ್ಲಿ ಬೆಳಗಾಯಿತೆಂದು ಗೊತ್ತಾಗುವುದು ಸೂರ್ಯನಿಂದಲ್ಲ, ಕೆಳಗಿನ ಅಂಗಡಿಯ ಶಟರ್ ಎತ್ತುವ ಸದ್ದಿನಿಂದ. ಸೂರ್ಯ ಪಾಪ, ದಿನಾ ಬಂದು ಕಿಟಕಿಯ ಹೊರಗೆ ನಿಂತು, ಒಳಗೆ ಬರಲು ದಾರಿ ಕಾಣದೆ ಎದುರುಮನೆಗೆ ಹೋಗುತ್ತಾನೆ. ಯಾಕೆಂದರೆ ನಮ್ಮದು ಪರದೆ ಹೊಲಿಯುವವರ ಮನೆ. ಕೆಳಗೆ ಅಂಗಡಿ, ಮೇಲೆ ನಾವು. ಗಿರಾಕಿಗಳಿಗೆ ತೋರಿಸಬೇಕಲ್ಲ, ಅದಕ್ಕೆ ಮೇಲಿನ ಒಂದೊಂದು ಕಿಟಕಿಗೂ ಮೂರು ಮೂರು ಪರದೆ. ಮೊದಲು ತೆಳ್ಳನೆಯದು, ಅದರ ಮೇಲೆ ಹೂವಿನದು, ಅದರ ಮೇಲೆ ಬೆಳಕನ್ನು ಕುತ್ತಿಗೆ ಹಿಡಿದು ಆಚೆ ನೂಕುವ ದಪ್ಪನೆಯದು. ಅಡುಗೆಮನೆಯ ಗಾಳಿಗಿಂಡಿಗೂ ಮಗುವಿನ ಲಂಗದಂಥ ಒಂದು ಪುಟ್ಟ ಪರದೆ ಇದೆ. ಕಿಟಕಿಗಳು ಸಾಲದೆ ಬಂದಾಗ ನನ್ನ ಗಂಡ ನಡುಮನೆಯ ಬರಿಗೋಡೆಗೂ ರಾಡು ಹೊಡೆದು, ನೆಲ ಮುಟ್ಟುವ ಮೆರೂನ್ ಪರದೆಯನ್ನು ಇಳಿಬಿಟ್ಟರು. ಅದರ ಹಿಂದೆ ಬಾಲ್ಕನಿ ಇದೆಯೆಂದುಕೊಂಡು ನುಗ್ಗಿ, ಗೋಡೆಗೆ ಮೂಗು ಗುದ್ದಿಸಿಕೊಂಡ ನೆಂಟರಲ್ಲಿ ನನ್ನ ಅಣ್ಣನೂ ಒಬ್ಬ. ಈಗ ಅವನು ನಮ್ಮ ಮನೆಗೆ ಬಂದರೆ ಯಾವ ಪರದೆಯನ್ನೂ ಮುಟ್ಟುವುದಿಲ್ಲ.

ನನ್ನ ಗಂಡನನ್ನು ಬೀದಿಯವರೆಲ್ಲ ಪರದೆಯಪ್ಪ ಎಂದು ಕರೆಯುತ್ತಾರೆ. ಅವರಿಗೇನೂ ಬೇಜಾರಿಲ್ಲ, ಬಿರುದು ಸಿಕ್ಕವರ ಹಾಗೆ ಮೀಸೆ ನೀವಿಕೊಳ್ಳುತ್ತಾರೆ. ಕೆಲಸದ ವಿಷಯದಲ್ಲಿ ಅವರಿಗೆ ಎರಡು ಹೆಮ್ಮೆ. ಹೊಲಿಗೆಯವರೆಲ್ಲ ಉಸಿರಿಗೊಂದು ಸಲ ಹೇಳುವ "ನಾಳೆ ಬನ್ನಿ" ಎಂಬ ಮಾತು ಇಷ್ಟು ವರ್ಷದಲ್ಲಿ ಅವರ ಬಾಯಿಂದ ಒಮ್ಮೆಯೂ ಬಂದಿಲ್ಲ. ಮಂಗಳವಾರ ಕೊಡುತ್ತೇನೆ ಎಂದರೆ ಮಂಗಳವಾರ ಕೊಟ್ಟೇ ಬಿಡುತ್ತಾರೆ. ಒಮ್ಮೆ ಚಳಿಜ್ವರದಲ್ಲಿ ಗಡಗಡ ನಡುಗುತ್ತಾ ಹೊಲಿದು, ಪರದೆಯ ಅಂಚೆಲ್ಲ ಅಂಕುಡೊಂಕಾಗಿತ್ತು. ಅದು ಹೊಸ ಫ್ಯಾಷನ್ ಎಂದುಕೊಂಡ ಗಿರಾಕಿ ಅಂಥದ್ದೇ ಇನ್ನೊಂದು ಜೊತೆ ಕೇಳಿದರು. ಅದನ್ನು ಹೊಲಿಯಲು ಜ್ವರ ಬರಲಿಲ್ಲವೆಂದು ಇವರು ತುಂಬ ಪೇಚಾಡಿದರು.

ಎರಡನೆಯ ಹೆಮ್ಮೆ ನನ್ನ ಮಾವ ಕಲಿಸಿಕೊಟ್ಟಿದ್ದು. ಗಿರಾಕಿಯ ಮನೆಗೆ ಅಳತೆಗೆ ಹೋದಾಗ ಮನೆಯೊಳಗೆ ಕಣ್ಣಾಡಿಸಬಾರದು, ಕಿಟಕಿಯಾಚೆಗೂ ನೋಡಬಾರದು, ಚೌಕಟ್ಟನ್ನು ಮಾತ್ರ ನೋಡಬೇಕು. ಮಂದಿಯ ಮನೆಯ ಕಿಟಕಿಯಿಂದ ಏನೇನು ಕಾಣುತ್ತದೆಂದು ತಿಳಿದುಕೊಂಡವನನ್ನು ಯಾರೂ ಇನ್ನೊಮ್ಮೆ ಒಳಗೆ ಕರೆಯುವುದಿಲ್ಲ ಎಂಬುದು ಮಾವನ ಲೆಕ್ಕಾಚಾರ. ನನ್ನ ಗಂಡ ಆ ಮಾತನ್ನು ಅಗಿಯದೆ ನುಂಗಿದರು. ಗಿರಾಕಿಯ ಕಿಟಕಿಗೆ ಹೇಳಿದ್ದನ್ನು ಲೋಕದ ಕಿಟಕಿಗಳಿಗೆಲ್ಲ ಅನ್ವಯ ಮಾಡಿಕೊಂಡರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದರೆ ಕಿಟಕಿಯ ರಬ್ಬರ್ ಪಟ್ಟಿ ನೋಡುತ್ತಾರೆ. ಮದುವೆಯಾದ ಹೊಸತರಲ್ಲಿ ಬೆಟ್ಟದ ಮೇಲಿನ ವಸತಿಗೃಹವೊಂದಕ್ಕೆ ಹೋಗಿದ್ದೆವು. ಸೂರ್ಯ ಮುಳುಗುವ ಹೊತ್ತು, ಆಕಾಶವೆಲ್ಲ ಕೆಂಪು. ನಾನು ಅವರ ತೋಳು ಹಿಡಿದು "ನೋಡ್ರೀ" ಎಂದೆ. ಅವರು ಬಹಳ ಹೊತ್ತು ನೋಡಿ, "ರಾಡು ಎಡಕ್ಕೆ ವಾಲಿದೆ" ಎಂದರು.

ಅಂದಿನಿಂದ ನನ್ನೊಳಗೆ ಒಂದು ಹಟ ಕೂತುಬಿಟ್ಟಿತು. ನಾವಿಬ್ಬರೂ ಒಟ್ಟಿಗೆ ಕೂತು ನೋಡಿದ್ದೆಲ್ಲ ಬಟ್ಟೆಯೇ. ಒಂದೇ ಒಂದು ಸಲ ಈ ಮನುಷ್ಯ ನನ್ನ ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡಬೇಕು. ನನಗೆ ಕಾಣುವುದು ಅವರಿಗೂ ಕಾಣಬೇಕು. ಇದನ್ನು ಬಾಯಿಬಿಟ್ಟು ಕೇಳಲು ನನಗೆ ಮನಸ್ಸಿರಲಿಲ್ಲ. ಕೇಳಿದರೆ ಅದು ಆರ್ಡರ್ ಆಗುತ್ತದೆ, ಆರ್ಡರ್ ಆದರೆ ಅವರು ಟೇಪು ತೆಗೆಯುತ್ತಾರೆ.

ನಮ್ಮ ಮದುವೆಯ ಇಪ್ಪತ್ತೈದನೇ ವರ್ಷ ಹತ್ತಿರ ಬಂದಾಗ ಅವರು ಹಲ್ಲಿನಲ್ಲಿ ದಾರ ಕಡಿಯುತ್ತಾ, "ಏನ್ ಬೇಕೋ ಕೇಳು. ವೆಲ್ವೆಟ್ ತರಿಸ್ಲಾ?" ಎಂದರು.

"ಸಮುದ್ರ ಬೇಕು," ಎಂದೆ.

"ಸಮುದ್ರದ ಬಣ್ಣದ್ದಾ?"

"ಸಮುದ್ರಾನೇ. ದ್ವೀಪದಲ್ಲಿ, ದಂಡೆ ಮೇಲೇ ಇರೋ ಹೋಟೆಲು. ಹಾಸಿಗೆಯಲ್ಲಿ ಒರಗಿ ಕಾಫಿ ಕುಡಿಯುವಾಗ ಎದುರಿಗೆ ಸಮುದ್ರ ಕಾಣ್ಬೇಕು. ಅಂಗಡಿಗೆ ಒಂದು ವಾರ ಬೀಗ."

ಮೂಲೆಯಲ್ಲಿ ಪರದೆಗೆ ರಿಂಗು ಹೊಲಿಯುತ್ತಾ ಕೂತಿದ್ದ ಅತ್ತೆ ತಲೆಯೆತ್ತಿದರು. "ನಾನೂ ಬರ್ತೀನಿ. ನೀವಿಬ್ರೇ ಹೋದ್ರೆ ಜಗಳ ಬಿಡಿಸೋರು ಯಾರು?"

ಎದುರಿಗೇ ಪ್ರವಾಸದ ಟಿಕೆಟ್ ಮಾಡಿಕೊಡುವ ಅಂಗಡಿ. ಅಲ್ಲಿ ಕೂರುವ ಹುಡುಗಿಯನ್ನು ನಾವು ಪ್ಯಾಕೇಜ್ ಹುಡುಗಿ ಎನ್ನುತ್ತೇವೆ, ಬಾಯಿ ತೆರೆದರೆ ಪ್ಯಾಕೇಜು. ಮೂವರೂ ಹೋಗಿ ಅವಳ ಕಂಪ್ಯೂಟರಿನ ಮುಂದೆ ಸಾಲಾಗಿ ಕೂತೆವು.

"ಆಂಟಿ, ಸೀ ಫೇಸಿಂಗ್ ಬೇಕಾ, ಸೀ ವ್ಯೂ ಬೇಕಾ, ಪಾರ್ಷಿಯಲ್ ಸೀ ವ್ಯೂ ಸಾಕಾ?"

"ಇಷ್ಟೊಂದು ಥರ ಇದ್ಯಾ? ಇರೋದು ಒಂದೇ ಸಮುದ್ರ ಅಲ್ವೇನಮ್ಮಾ?"

"ಸಮುದ್ರ ಒಂದೇ ಆಂಟಿ, ಕಾಣೋದು ಬೇರೆ ಬೇರೆ. ಫೇಸಿಂಗ್ ಅಂದ್ರೆ ಮುಖಕ್ಕೇ ಇರುತ್ತೆ. ವ್ಯೂ ಅಂದ್ರೆ ಕಾಣುತ್ತೆ. ಪಾರ್ಷಿಯಲ್ ಅಂದ್ರೆ ಸ್ವಲ್ಪ ಕಾಣುತ್ತೆ."

"ಸಮುದ್ರ ಸ್ವಲ್ಪ ಹೇಗೆ ಕಾಣುತ್ತೆ? ಅದೇನು ಸಕ್ಕರೆನಾ, ಒಂದು ಚಮಚ ಸಾಕು ಅನ್ನೋಕೆ?"

"ಕತ್ತು ಹೊರಗೆ ಚಾಚಿದ್ರೆ ಕಾಣುತ್ತೆ ಆಂಟಿ."

"ನನ್ನ ಕತ್ತು ಇದ್ದಲ್ಲೇ ಇರ್ಲಿ. ಸಮುದ್ರಾನೇ ಹತ್ತಿರ ಬರ್ಲಿ."

ಅತ್ತೆ ನಡುವೆ ಬಾಯಿ ಹಾಕಿದರು. "ನಂಗೆ ಬಚ್ಚಲು ಜಾರಬಾರ್ದು. ಮಂಚ ಎತ್ತರ ಇರಬಾರ್ದು. ಸಮುದ್ರ ಇದ್ರೂ ಸರಿ, ಇಲ್ದಿದ್ರೂ ಸರಿ."

ಮೊದಲನೆಯ ಹೋಟೆಲಿನ ಕೋಣೆ ಬಂತು. ಗೋಡೆಗೆ ಗೋಡೆಯೇ ಗಾಜು, ಗಾಜಿನ ತುಂಬ ನೀಲಿ ನೀರು, ಒಂದು ಬಿಳಿ ದೋಣಿ ಬೇರೆ. ನಾನು "ಇದೇ, ಇದೇ" ಎನ್ನುವಷ್ಟರಲ್ಲಿ ನನ್ನ ಗಂಡ ಕನ್ನಡಕ ಮೂಗಿಗೇರಿಸಿ, ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿದರು. ಚಿತ್ರದ ಮೂಲೆಯಲ್ಲಿ ಒಂದು ಗೇಣು ಪರದೆ ಕಾಣಿಸುತ್ತಿತ್ತು.

"ಅಂಚು ನೆಲದಿಂದ ಎರಡು ಬೆರಳು ಮೇಲಿದೆ ಕಣೇ. ಗಿಡ್ಡ ಪ್ಯಾಂಟು ಹಾಕ್ಕೊಂಡ ಮದುಮಗನ ಥರ."

"ನಾನು ಸಮುದ್ರ ನೋಡ್ತಿದೀನಿ ರೀ."

"ಪರದೇನೇ ಸರಿಯಾಗಿ ಅಳೆಯೋಕೆ ಬಾರದೋರು ಬಚ್ಚಲು ಸರಿಯಾಗಿ ಕಟ್ಟಿರ್ತಾರಾ?"

ಬಚ್ಚಲು ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ "ಅದು ಬೇಡ" ಎಂದರು. ಒಂದು ಸಮುದ್ರ ಕೈತಪ್ಪಿತು.

ಎರಡನೆಯದರಲ್ಲಿ ಪರದೆಗೆ ಲೈನಿಂಗ್ ಬಟ್ಟೆ ಇರಲಿಲ್ಲವಂತೆ. "ಜರಡಿ ನೇತುಹಾಕಿದ್ದಾರೆ" ಎಂದು ಅವರು ಚಿತ್ರವನ್ನು ಕೈಯಿಂದಲೇ ಆಚೆ ಸರಿಸಿದರು, ನೊಣ ಓಡಿಸಿದ ಹಾಗೆ. ಮೂರನೆಯದರಲ್ಲಿ ಪರದೆಯೇ ಇಲ್ಲ, ಹಲಗೆ ಪಟ್ಟಿಗಳ ಬ್ಲೈಂಡ್ಸ್. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುವಂತಿಲ್ಲ. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಕಿಟಕಿಗೆ ಏಣಿ ಕಟ್ಟಿದ್ದಾರೆ! ಇಂಥ ಕಡೆ ಮಲಗಿದ್ರೆ ನಿದ್ದೆ ಬರುತ್ತಾ?" ಅವರನ್ನು ಮತ್ತೆ ಕೂರಿಸಲು ಪ್ಯಾಕೇಜ್ ಹುಡುಗಿ ನೀರು ತಂದುಕೊಡಬೇಕಾಯಿತು.

ನಾಲ್ಕನೆಯದು ಬಂತು. ಈ ಮೂಲೆಯಿಂದ ಆ ಮೂಲೆಯವರೆಗೆ ಗೋಡೆಯ ಉದ್ದಕ್ಕೂ ಎಳೆದು ಮುಚ್ಚಿದ ನೀಲಿ ಪರದೆ. ಮುಂದೊಂದು ತಗ್ಗು ಮಂಚ. ಅಷ್ಟೇ. ನನ್ನ ಗಂಡನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು.

"ಆಹಾ. ನೆರಿಗೆ ನೋಡೇ. ಒಂದಕ್ಕೊಂದು ಅಣ್ಣತಮ್ಮಂದಿರ ಹಾಗೆ ನಿಂತಿವೆ. ಅಂಚು ನೆಲಕ್ಕೆ ಮುತ್ತು ಕೊಡ್ತಿದೆ."

ಮದುವೆಯ ದಿನ ನನ್ನನ್ನೂ ಅವರು ಹೀಗೆ ನೋಡಿರಲಿಲ್ಲ. ನನಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. "ಎಲ್ಲಾ ಸರಿ, ಸಮುದ್ರ ಎಲ್ಲಿ?"

"ಹಿಂದೆ."

"ಯಾವುದರ ಹಿಂದೆ?"

"ಪರದೆ ಹಿಂದೆ ಕಣೇ. ಸ್ವಲ್ಪ ತಲೆ ಓಡಿಸು. ಇಂಥಾ ಪರದೆ ಹಾಕಿದ್ದಾರೆ ಅಂದ್ರೆ ಹಿಂದೆ ಎಂಥಾ ಸಮುದ್ರ ಇರ್ಬೇಕು! ಖಾಲಿ ಪೆಟ್ಟಿಗೆಗೆ ಯಾರಾದ್ರೂ ಇಷ್ಟು ದೊಡ್ಡ ಬೀಗ ಹಾಕ್ತಾರಾ?"

ಪ್ಯಾಕೇಜ್ ಹುಡುಗಿ ಕೆಳಗಿನ ಸಾಲು ಓದಿದಳು. "ಹೋಟೆಲು ದಂಡೆ ಮೇಲೇ ಇದೆ ಅಂಕಲ್. ಸಮುದ್ರ ಕಾಣುವ ಹೋಟೆಲ್ ಅಂತಾನೇ ಹಾಕಿದ್ದಾರೆ."

"ಮಂಚ ತಗ್ಗಾಗಿದೆ," ಎಂದು ಅತ್ತೆ ತೀರ್ಪು ಕೊಟ್ಟರು.

ಇಬ್ಬರು ಒಂದು ಕಡೆ, ನಾನೊಬ್ಬಳು ಒಂದು ಕಡೆ. ಹಾಗೆಂದು ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಲಾರೆ. ನನ್ನ ಸ್ವಂತ ನಡುಮನೆಯಲ್ಲಿ ಬರಿಗೋಡೆಯ ಮೇಲೆ ಮೆರೂನ್ ಪರದೆ ತೂಗುತ್ತಿದೆ, ದಿನಾ ಅದರ ಧೂಳು ಕೊಡವುವವಳು ನಾನೇ. ಆದರೂ ಆಗ ನನಗೆ ಹೊಳೆಯಲಿಲ್ಲ ನೋಡಿ. ಪರದೆ ಹೊಲಿಯುವವರ ಮನೆಯಲ್ಲಿದ್ದು ಇದ್ದು ನನ್ನ ಬುದ್ಧಿಗೂ ಮೂರು ಪರದೆ ಬಿದ್ದಿತ್ತೋ ಏನೋ, ಹೂಂ ಎಂದುಬಿಟ್ಟೆ.

ಹೊರಡುವ ದಿನ ಅವರ ಕೊರಳಲ್ಲಿ ಎಂದಿನಂತೆ ಅಳತೆ ಟೇಪು.

"ಸಮುದ್ರಕ್ಕೆ ಟೇಪು ಯಾಕ್ರೀ?"

"ಕತ್ತು ಬರಿದಾದ್ರೆ ನೆಗಡಿ ಆಗುತ್ತೆ."

ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕಿತ್ತು. ದೋಣಿಯ ಜನರೆಲ್ಲ ಕಂಬಿ ಹಿಡಿದು ನೀರು ನೋಡುತ್ತಿದ್ದರೆ, ಇವರೊಬ್ಬರು ತಲೆ ಮೇಲೆತ್ತಿ ನೆರಳಿಗೆ ಕಟ್ಟಿದ್ದ ಟಾರ್ಪಾಲು ನೋಡುತ್ತಿದ್ದರು. ಹೊಲಿಗೆ ಎರಡು ಕಡೆ ಬಿಟ್ಟಿದೆಯೆಂದು ದೋಣಿಯವನನ್ನು ಕರೆದು ತೋರಿಸಿದರು. ಅತ್ತೆ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡು, "ಬಂತಾ? ಬಂತಾ?" ಎನ್ನುತ್ತಲೇ ಇದ್ದರು. ನನಗಂತೂ ದೂರದಲ್ಲಿ ಹಸಿರು ಗೆರೆಯಂತೆ ದ್ವೀಪ ಕಂಡಾಗ ಕುಣಿಯುವುದೊಂದು ಬಾಕಿ.

ಹೋಟೆಲು ನಿಜಕ್ಕೂ ದಂಡೆಯ ಮೇಲೇ ಇತ್ತು. ಬಿಳಿ ಮರಳು, ಬಾಗಿದ ತೆಂಗಿನ ಮರಗಳು, ಕಿವಿ ತುಂಬ ಅಲೆಯ ಸದ್ದು. ಹೂವಿನ ಅಂಗಿಯ ಮ್ಯಾನೇಜರು ಬಾಗಿ ಸ್ವಾಗತ ಹೇಳಿ, ಕೆಳಮಹಡಿಯ ಕೋಣೆಗೆ ನಮ್ಮನ್ನು ಕರೆದುಕೊಂಡು ಹೋದರು. ಅದೇ ಮಂಚ. ಅದೇ ನೀಲಿ ಪರದೆ, ಚಿತ್ರಕ್ಕಿಂತ ಚಂದ.

ನಾನು ಅವಸರ ಮಾಡಲಿಲ್ಲ. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ಗಳಿಗೆ ಹೆಚ್ಚಲ್ಲ. ಕಾಫಿ ತರಿಸಿದೆ. ಎರಡು ದಿಂಬು ಬೆನ್ನಿಗಿಟ್ಟು ಮಂಚದ ಮೇಲೆ ಕಾಲು ಚಾಚಿದೆ. ಪಕ್ಕದಲ್ಲಿ ಅವರಿಗೂ ಒಂದು ದಿಂಬು ನಿಲ್ಲಿಸಿದೆ. ಅತ್ತೆ ಕುರ್ಚಿಯಲ್ಲಿ ಕೂತರು. ನನ್ನ ಗಂಡ ಕೈ ತೊಳೆದು ಒರೆಸಿಕೊಂಡು ಬಂದು, ಪರದೆಯ ಹಗ್ಗ ಹಿಡಿದರು.

"ತೆಗೀಲಾ?"

"ತೆಗೀರಿ."

ರಿಂಗುಗಳು ಸರ್‍ರನೆ ಸರಿದವು. ಹಿಂದೆ ಗೋಡೆ. ಹೊಸದಾಗಿ ಸುಣ್ಣ ಹೊಡೆದ, ಅಪ್ಪಟ ಬಿಳಿ ಗೋಡೆ. ನಡುವೆ ಒಂದು ಮೊಳೆ.

ಅತ್ತೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಹಳ ಹೊತ್ತು ನೋಡಿ, "ಅಲೇನೇ ಇಲ್ವಲ್ಲೋ ಇದ್ರಲ್ಲಿ?" ಎಂದರು.

ನನ್ನ ಗಂಡ ಗೋಡೆಯನ್ನು ಬೆರಳಿನಿಂದ ತಟ್ಟಿದರು, ಯಾರಾದರೂ ಬಾಗಿಲು ತೆರೆಯಬಹುದು ಎಂಬಂತೆ. ಬಾಗಿಲಲ್ಲೇ ನಿಂತಿದ್ದ ಮ್ಯಾನೇಜರು ನಗುತ್ತಾ ಹೇಳಿದರು, "ಏನಿಲ್ಲ ಸಾರ್, ಗೋಡೆ ಬರಿದಾಗಿದ್ರೆ ಕೋಣೆ ಚಿಕ್ಕದಾಗಿ ಕಾಣುತ್ತೆ. ಪರದೆ ಹಾಕಿದ್ರೆ ಗತ್ತೇ ಬೇರೆ. ಬಂದೋರೆಲ್ಲ ಮೆಚ್ಕೋತಾರೆ."

ಇದು ಅಕ್ಷರಕ್ಕೆ ಅಕ್ಷರ ನನ್ನ ಗಂಡ ತಮ್ಮ ಗಿರಾಕಿಗಳಿಗೆ ಹೇಳುವ ಮಾತು. ಅವರ ಮುಖ ನೋಡಬೇಕಿತ್ತು. ತನ್ನ ಅಂಗಡಿಯ ಸರಕನ್ನೇ ತಾನು ಕೊಂಡು ಮನೆಗೆ ಬಂದವನ ಮುಖ.

"ಮತ್ತೆ ಸಮುದ್ರ?" ಎಂದೆ.

"ಊಟದ ಹಾಲಿನಿಂದ ಸೊಗಸಾಗಿ ಕಾಣುತ್ತೆ ಮೇಡಂ. ಈ ಕೋಣೆಯ ಕಿಟಕಿ ಆ ಕಡೆ ಇದೆ ನೋಡಿ." ಆ ಕಡೆ ಒಂದು ಪುಟ್ಟ ಕಿಟಕಿ ಇತ್ತು. ಅದರಾಚೆ ಮ್ಯಾನೇಜರ ಸ್ಕೂಟರು, ಅದರ ಪಕ್ಕ ಗೋಡೆಗೊರಗಿ ಬಿಸಿಲು ಕಾಯಿಸುತ್ತಿದ್ದ ನೆಲ ಒರೆಸುವ ಕೋಲುಗಳು.

ಆಗ ನನ್ನ ಗಂಡ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದರು. ಆದರೆ ಅವರು ಪರದೆಯ ಅಂಚನ್ನು ಸವರುತ್ತಾ, "ಏನೇ ಅನ್ನು, ಬಟ್ಟೆ ಮಾತ್ರ..." ಎಂದರು.

ಸಿಡಿದೆ. ಕಾಫಿ ಲೋಟ ಕುಕ್ಕಿದ ರಭಸಕ್ಕೆ ಅತ್ತೆ ಬೆಚ್ಚಿದರು.

"ಬಟ್ಟೆ, ಬಟ್ಟೆ, ಬಟ್ಟೆ! ಇಪ್ಪತ್ತೈದು ವರ್ಷ ಆಯ್ತು ರೀ. ಒಂದು ಸಲ ನನ್ನ ಪಕ್ಕ ಕೂತು ಒಂದು ಕಿಟಕಿಯಿಂದ ಆಚೆ ನೋಡಿದ್ದೀರಾ? ಬೆಟ್ಟಕ್ಕೆ ಕರ್ಕೊಂಡು ಹೋದ್ರೆ ರಾಡು ನೋಡಿದ್ರಿ. ಬಸ್ಸಲ್ಲಿ ರಬ್ಬರ್ ನೋಡಿದ್ರಿ. ನಂಗೆ ಸಮುದ್ರ ಯಾಕೆ ಬೇಕಿತ್ತು ಅಂದ್ಕೊಂಡಿದ್ದೀರಾ? ನೀರು ನೋಡೋಕಲ್ಲ. ನೀವು ನೋಡೋದನ್ನ ನೋಡೋಕೆ! ನಿಮ್ಮ ಜೊತೆ ಬಾಳಿದ್ದೀನಾ, ನಿಮ್ಮ ಟೇಪಿನ ಜೊತೆ ಬಾಳಿದ್ದೀನಾ ಅಂತ ಒಂದ್ಸಲ ಗೊತ್ತಾಗ್ಬೇಕಿತ್ತು ನಂಗೆ!"

ಹೇಳಬಾರದೆಂದುಕೊಂಡಿದ್ದೆಲ್ಲ ಹೇಳಿಬಿಟ್ಟಿದ್ದೆ. ಅಳುವೂ ಬಂತು. ಅಳುವಾಗ ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಆ ನೀಲಿ ಪರದೆಯ ತುದಿಯೇ, ಅದರಿಂದ ಇನ್ನಷ್ಟು ಸಿಟ್ಟು ಬಂತು.

ಅವರು ಟೇಪಿನ ಎರಡು ತುದಿಗಳನ್ನು ಕೊರಳಲ್ಲಿ ಸಮ ಮಾಡಿಕೊಂಡು, ಮ್ಯಾನೇಜರ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದರು. ಅತ್ತೆ ನನ್ನ ಹತ್ತಿರ ಬಂದು ಕೂತು, ತಣ್ಣಗಾಗಿದ್ದ ನನ್ನ ಕಾಫಿಯನ್ನು ತಾವೇ ಕುಡಿದರು. "ಜಗಳ ಬಿಡಿಸೋಕೆ ಅಂತ ಬಂದೆ. ನೀನೊಬ್ಳೇ ಆಡಿದ್ರೆ ಬಿಡಿಸೋದು ಹೇಗೆ?" ಎಂದರು.

ನನ್ನ ಗಂಡ ವಾಪಸ್ ಬಂದಾಗ ಕೈಯಲ್ಲಿ ಬೇರೆ ಬೀಗದಕೈ ಇತ್ತು.

"ಮೇಲೆ ಮೂಲೆ ಕೋಣೆ ಒಂದಿದೆಯಂತೆ. ಕಿಟಕಿ ದಂಡೆ ಕಡೆಗೇ ಇದೆ. ಪರದೆ ಹರಿದುಹೋಯ್ತು ಅಂತ ಯಾರಿಗೂ ಕೊಡ್ತಿಲ್ಲ. ಸಂಜೆ ಬಿಸಿಲು ಮುಖಕ್ಕೇ ಹೊಡೆಯುತ್ತಂತೆ, ಬಂದೋರು ಬೈತಾರಂತೆ."

"ಮತ್ತೆ ನಮಗೆ ಹೇಗೆ ಕೊಟ್ರು?"

"ಈ ಪರದೆ ಬಿಚ್ಚಿ ಆ ಕಿಟಕಿಗೆ ನಾನೇ ಹಾಕ್ಕೊಡ್ತೀನಿ ಅಂದೆ. ಇವತ್ತೇ ಹಾಕ್ತೀನಿ ಅಂತ ಮಾತು ಕೊಟ್ಟಿದೀನಿ."

ನನ್ನ ಮನಸ್ಸು ಮೇಲೆದ್ದು ಹಾಗೇ ಕೆಳಗೆ ಬಿತ್ತು. ಅವರು ಇವತ್ತೇ ಎಂದರೆ ಇವತ್ತೇ. ಅಂದರೆ ನನ್ನ ಸಮುದ್ರಕ್ಕೆ ಸಂಜೆಯೊಳಗೆ ಪರದೆ ಬೀಳುವುದು ಖಂಡಿತ. ಅದೂ ನೆರಿಗೆ ಸಮೇತ, ಅಂಚು ನೆಲಕ್ಕೆ ಮುತ್ತು ಕೊಡುವ ಹಾಗೆ.

ಮೇಲಿನ ಕೋಣೆಯ ಬಾಗಿಲು ತೆರೆದಾಗ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮಂಚದ ಎದುರಿಗೆ ಅಡ್ಡಕ್ಕೂ ಉದ್ದಕ್ಕೂ ಕಿಟಕಿ, ಕಿಟಕಿಯ ತುಂಬ ಸಮುದ್ರ. ಹತ್ತಿರದಲ್ಲಿ ಹಸಿರು, ಆಮೇಲೆ ನೀಲಿ, ಆಮೇಲೆ ಹೆಸರೇ ಇಲ್ಲದ ಒಂದು ಬಣ್ಣ. ನಮ್ಮ ಅಂಗಡಿಯ ಯಾವ ಕಪಾಟಿನಲ್ಲೂ ಆ ಬಣ್ಣದ ಬಟ್ಟೆ ಇಲ್ಲ. ಬೆಳಕು ಕೋಣೆಯೊಳಗೆ ನುಗ್ಗಿ, ಮಂಚ, ಕುರ್ಚಿ, ಅತ್ತೆಯ ಬಿಳಿ ಕೂದಲು ಎಲ್ಲದರ ಮೇಲೂ ಆಡುತ್ತಿತ್ತು. ಹೋಗಿ, ಇಲ್ಲೂ ಅವರಿಗೊಂದು ದಿಂಬು ನಿಲ್ಲಿಸಿ, ಮಂಚದ ಮೇಲೆ ಒರಗಿದೆ. ಅತ್ತೆಯೂ ಇನ್ನೊಂದು ಪಕ್ಕದಲ್ಲಿ ಕಾಲು ಚಾಚಿದರು.

ನನ್ನ ಗಂಡ ಪರದೆಯನ್ನು ಹೆಗಲ ಮೇಲೆ ಹೊತ್ತು, ಕಣ್ಣು ನೆಲಕ್ಕೆ ಹಾಕಿಕೊಂಡೇ ಬಂದರು. ಸ್ಟೂಲು ಎಳೆದರು, ಹತ್ತಿದರು. ಬಾಯಲ್ಲಿ ಗುಂಡುಸೂಜಿ, ಕೈಯಲ್ಲಿ ಟೇಪು. ಮೇಲಿನ ಚೌಕಟ್ಟಿಗೆ ಟೇಪು ಹಿಡಿದರು. ಎಡದಿಂದ ಬಲಕ್ಕೆ ಅಳೆದರು, ಬಲದಿಂದ ಎಡಕ್ಕೆ ಅಳೆದರು. ಸಮುದ್ರ ಅವರ ಮೂಗಿನ ಮುಂದೆಯೇ ಇತ್ತು. ಅವರ ಕಣ್ಣು ಮರದ ಪಟ್ಟಿಯಿಂದ ಒಂದು ಕೂದಲೆಳೆಯಷ್ಟೂ ಆಚೆ ಹೋಗಲಿಲ್ಲ. ಇನ್ನು ನನಗೆ ಕಾಣುತ್ತಿದ್ದುದಾದರೂ ಏನು? ನನ್ನ ಸಮುದ್ರದ ನಟ್ಟನಡುವೆ ಸ್ಟೂಲಿನ ಮೇಲೆ ನಿಂತ ನನ್ನ ಗಂಡನ ಬೆನ್ನು.

"ರೀ, ಆಚೆ ನೋಡ್ರೀ."

"ಹ್ಞಾಂ, ಆಗ್ಹೋಯ್ತು."

"ಆಗ್ಹೋಯ್ತು ಅಂತಲ್ಲ. ಈಗ್ಲೇ ನೋಡಿ. ಕೆಳಗೆ ಅಷ್ಟು ಹೇಳಿದ್ನಲ್ಲ!"

ಅವರು ಬಾಯಿಂದ ಗುಂಡುಸೂಜಿ ತೆಗೆದರು. ಚೌಕಟ್ಟಿಗೆ ಮುಖ ಮಾಡಿಕೊಂಡೇ, ಪಾಪ, ನಿಜವಾಗಿ ಸಂಕಟಪಟ್ಟು ಹೇಳಿದರು, "ನಂಗೂ ಆಸೆ ಇಲ್ಲ ಅಂದ್ಕೊಂಡ್ಯಾ? ಆದ್ರೆ ಕೆಲಸ ಒಪ್ಕೊಂಡಿದೀನಿ ಕಣೇ. ಇದು ಹೋಟೆಲಿನವರ ಕಿಟಕಿ. ಗಿರಾಕಿ ಕಿಟಕಿಯಿಂದ ಆಚೆ ನೋಡ್ಬಾರ್ದು ಅಂತ ಅಪ್ಪ ಹೇಳಿದ್ರು. ಕತ್ತೇ ತಿರುಗಲ್ಲ ನಂಗೆ."

ಅತ್ತೆ ದಿಂಬಿಗೆ ಕೈಯೂರಿ ಎದ್ದು ಕೂತರು.

"ಗಿರಾಕಿ ಯಾರೋ ಇಲ್ಲಿ?"

"ಹೋಟೆಲಿನೋರು."

"ಮಂಚದ ಮೇಲೆ ಮಲಗಿರೋರು ಯಾರು? ಕಾಫಿ ತರ್ಸಿದೋರು ಯಾರು? ಕೋಣೆ ಹಿಡಿದೋರು ಯಾರು? ದಡ್ಡ ಶಿಖಾಮಣಿ, ಇಲ್ಲಿ ಗಿರಾಕಿ ನೀನೇ ಕಣೋ!"

ಅತ್ತೆ ಬಿಡಲಿಲ್ಲ. "ನಿಮ್ಮಪ್ಪ ಮಂದಿ ಮನೇಲಿ ಬಗ್ಗಿಸಿದ ಕತ್ತು ನಮ್ಮನೆಗೆ ಬಂದ್ಮೇಲೆ ಎತ್ತಿಬಿಡ್ತಿದ್ರು. ಸಂಜೆ ಅಂಗಡಿ ಮುಚ್ಚಿ ಬಂದು ನನ್ನ ಪಕ್ಕ ಕಿಟಕಿ ಹತ್ರ ಕೂತು, ಬೀದೀಲಿ ಹೋಗೋ ಬರೋರನ್ನೆಲ್ಲ ಆಡ್ಕೊಂಡು ನಗ್ತಿದ್ರು. ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ ಇಬ್ರೂ. ನೀನು ಬಂದು ಅದೇ ಕಿಟಕಿಗೆ ಮೂರು ಪರದೆ ಬಿಟ್ಟೆ."

"ಅಪ್ಪ ಆಚೆ ನೋಡ್ತಿದ್ರಾ?"

"ನೋಡೋದೇನು, ಕತ್ತು ಚಾಚಿ ನೋಡ್ತಿದ್ರು. ಒಂದ್ಸಲ ಬೀಳ್ತಾನೂ ಇದ್ರು."

ಅವರ ಕೈಯಿಂದ ಟೇಪು ಜಾರಿತು. ಬಹಳ ಮೆಲ್ಲಗೆ, ತುಕ್ಕು ಹಿಡಿದ ಬಾಗಿಲು ತೆರೆದುಕೊಳ್ಳುವಷ್ಟು ಮೆಲ್ಲಗೆ, ಅವರ ಕತ್ತು ಚೌಕಟ್ಟಿನಿಂದ ಕೆಳಗಿಳಿಯಿತು. ನಾನು ನೋಡುತ್ತಲೇ ಇದ್ದೆ. 'ಗಾಜಿನಲ್ಲಿ ಕಲೆ ಇದೆ' ಎನ್ನುತ್ತಾರೋ, 'ಮರಕ್ಕೆ ಗೆದ್ದಲು ಹಿಡಿದಿದೆ' ಎನ್ನುತ್ತಾರೋ ಎಂದು ಒಳಗೊಳಗೇ ಹೆದರಿಕೆ.

ಅವರು ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಎರಡು ಕಡೆಯೂ ಅಂಚು ಸಿಗದೆ ಮತ್ತೆ ನಡುವೆ ಬಂದರು.

"ಇದು ಎಲ್ಲಿಗೆ ಮುಗಿಯುತ್ತೆ ಕಣೇ?"

"ಮುಗಿಯಲ್ಲ ರೀ."

"ಅಬ್ಬಬ್ಬಾ," ಎಂದರು. ಹಿಂದೆಂದೂ ಕೇಳಿರದ ದನಿ, ಮಗುವಿನದು. ಸ್ಟೂಲಿನಿಂದ ಹಾಗೇ ಹಿಂದಕ್ಕೆ ಇಳಿಯಲು ಹೋಗಿ ಮುಗ್ಗರಿಸಿ, ಬಂದು ನನ್ನ ಪಕ್ಕದಲ್ಲಿ, ನಾನು ನಿಲ್ಲಿಸಿದ್ದ ದಿಂಬಿಗೆ ಒರಗಿದರು. ಕಣ್ಣು ಮಾತ್ರ ಆಚೆಯೇ ಇತ್ತು. ಸ್ವಲ್ಪ ಹೊತ್ತಿಗೆ ಅವರ ಕೈ ನನ್ನ ಕೈ ಹುಡುಕಿಕೊಂಡು ಬಂತು. ದೂರದಲ್ಲಿ ಒಂದು ದೋಣಿ ಕಾಣಿಸಿತು. "ದೋಣಿ," ಎಂದರು. "ಹೂಂ, ದೋಣಿ," ಎಂದೆ. ನಮ್ಮಿಬ್ಬರ ನಡುವೆ ಅಷ್ಟು ಒಳ್ಳೆಯ ಮಾತುಕತೆ ನಡೆದು ಯಾವ ಕಾಲವಾಗಿತ್ತೋ. ಅವರ ಕಣ್ಣಂಚು ಒದ್ದೆಯಾಗಿತ್ತು. ಉಪ್ಪುಗಾಳಿ ಎಂದರು. ಕಿಟಕಿ ಮುಚ್ಚಿಯೇ ಇತ್ತು, ಆದರೂ ಒಪ್ಪಿಕೊಂಡೆ.

ಅತ್ತೆ ಅಷ್ಟರಲ್ಲಿ ಆ ಬಂಗಾರದಂಥ ನೀಲಿ ಪರದೆಯನ್ನು ಕುತ್ತಿಗೆಯವರೆಗೆ ಹೊದ್ದು, ಒಂದೆಳೆ ಗೊರಕೆ ಶುರುಮಾಡಿದ್ದರು.

ಸಂಜೆಯ ಬಿಸಿಲು ನೀರಿಗಿಳಿಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಮ್ಯಾನೇಜರು.

"ಸಾರ್, ಪರದೆ ಆಯ್ತಾ? ಇವತ್ತೇ ಅಂದಿದ್ರಿ."

ಜ್ವರದಲ್ಲೂ ಮಾತಿಗೆ ತಪ್ಪದ ಮನುಷ್ಯ. ಈಗ ಎದ್ದು ಸ್ಟೂಲು ಹತ್ತುತ್ತಾರೆ, ಅತ್ತೆಯ ಮೇಲಿನ ಪರದೆ ಎಳೆಯುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಅವರು ಮಲಗಿದ್ದ ಅಮ್ಮನನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನನ್ನ ಕೈ ಬಿಡದೆ, ಮತ್ತೆ ಸಮುದ್ರದ ಕಡೆ ತಿರುಗಿ, ಬಾಗಿಲಿಗೆ ಕೇಳಿಸುವಷ್ಟು ಜೋರಾಗಿ ಹೇಳಿದರು:

"ಅಳತೆ ನಡೀತಾ ಇದೆ ಸಾರ್. ನಾಳೆ ಬನ್ನಿ."